ಡೀಸೆಲ್ ಟ್ಯಾಂಕ್ ಸೋರಿಕೆ ಕ್ಲೀನ್ ಮಾಡಿಸೋ ತೋಟದವರೇ, ರಿಪೋರ್ಟ್ ಓದದೆ ದುಡ್ಡು ಕೊಡಬೇಡಿ

ಮೂಡಿಗೆರೆ, ಸಕಲೇಶಪುರ ಕಡೆ ನೆಲದಡಿ ಡೀಸೆಲ್ ಟ್ಯಾಂಕ್ ಇರೋರು ದಯವಿಟ್ಟು ಇದನ್ನ ಪೂರ್ತಿ ಓದಿ. ಸಿಟ್ಟಲ್ಲಿ ಬರೀತಿದ್ದೀನಿ.

ನಮ್ಮದು ಮೂಡಿಗೆರೆ ಹತ್ತಿರ ರೊಬಸ್ಟಾ ಕಾಫಿ ತೋಟ. ಸ್ಪ್ರಿಂಕ್ಲರ್ ಇಂಜಿನ್‌ಗೆ, ಜನರೇಟರ್‌ಗೆ ಅಂತ ಮಾವನವರ ಕಾಲದಲ್ಲಿ ಪಲ್ಪರ್ ಮನೆ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಜಾಗ) ಪಕ್ಕ ಹೂತಿಟ್ಟ ಸಾವಿರ ಲೀಟರಿನ ಟ್ಯಾಂಕ್. ಈ ಸಲ ಹೂವಿಗೆ ನೀರು ಹೊಡೆಸುವಾಗ ಟ್ಯಾಂಕಿನ ಮಟ್ಟ ಅಳೆಯೋ ಡಿಪ್ ಕಡ್ಡಿಗೂ ತೋಟದ ಲೆಕ್ಕ ಬರೆಯೋ ರೈಟರ್ ಲೆಕ್ಕಕ್ಕೂ ತಾಳೆಯೇ ಆಗಲಿಲ್ಲ. ಟ್ಯಾಂಕಿಗೆ ಬೀಗ ಹಾಕಿ ಮಾರನೇ ದಿನ ಕಡ್ಡಿ ಬಿಟ್ಟರೂ ಮಟ್ಟ ಇಳಿದಿತ್ತು. ಅಷ್ಟರಲ್ಲಿ ಕೆಳಗಿನ ಲೈನ್ ಮನೆಯವರ (ತೋಟದ ಕೆಲಸಗಾರರ) ಬಾವಿ ನೀರು ವಾಸನೆ ಬರೋಕೆ ಶುರುವಾಯ್ತು.

ಒಬ್ಬ ಕಾಂಟ್ರಾಕ್ಟರ್ ಬಂದರು. ಟ್ಯಾಂಕ್ ಎತ್ತಿ, ಕೆಟ್ಟ ಮಣ್ಣು ಸಾಗಿಸಿ, ಬಾವಿ ಕ್ಲೀನ್ ಮಾಡಿ, ಲ್ಯಾಬ್ ರಿಪೋರ್ಟ್ ಸಮೇತ ಕೊಡ್ತೀವಿ ಅಂದರು. ಅರ್ಧಕ್ಕಿಂತ ಜಾಸ್ತಿ ಅಡ್ವಾನ್ಸ್. ಜೆಸಿಬಿ ಬಂತು, ಟ್ಯಾಂಕ್ ಎದ್ದಿತು, ತಳದ ವೆಲ್ಡಿಂಗ್ ಉದ್ದಕ್ಕೂ ತುಕ್ಕು. ಗುಂಡಿಯ ತಳದ ಮಣ್ಣು ಇನ್ನೂ ಕಪ್ಪಗೇ ಇತ್ತು, ಕೈಲಿ ಹಿಡಿದರೆ ಡೀಸೆಲ್ ನಾತ. ಇನ್ನೂ ತೆಗೀರಿ ಅಂದೆ. "ಅದು ಬರೀ ಆವಿ ಮೇಡಂ, ಗಾಳಿಗೆ ಹೋಗುತ್ತೆ" ಅಂತ ಮುಚ್ಚಿಸಿಬಿಟ್ಟರು. ಬಾವಿಗೆ ಕ್ಯಾನಿಂದ ಏನೋ ಸುರಿದರು. ನೊರೆ ಎದ್ದಿತು, ನೀರ ಮೇಲಿದ್ದ ಬಣ್ಣಬಣ್ಣದ ಪದರ ಮಾಯ. ಎಣ್ಣೆ ಎಲ್ಲೂ ಹೋಗಿರಲಿಲ್ಲ, ಸೋಪಿನ ಥರದ ಕೆಮಿಕಲ್‌ಗೆ ಒಡೆದು ನೀರಲ್ಲೇ ಬೆರೆತಿತ್ತು.

ಜೂನಲ್ಲಿ ಮಳೆ ಹಿಡೀತು, ವಾಸನೆ ವಾಪಸ್. ಡೀಸೆಲ್ ನೀರಿಗಿಂತ ಹಗುರ. ಬೇಸಿಗೆಯಲ್ಲಿ ನೆಲದಡಿಯ ನೀರಿನ ಜೊತೆ ಕೆಳಗಿಳಿದು ಮಣ್ಣಿಗೆ ಅಂಟಿಕೊಂಡಿದ್ದು, ಮಳೆಗಾಲದಲ್ಲಿ ನೀರು ಏರಿದಾಗ ಬಿಟ್ಟುಕೊಂಡು ಮೇಲೆ ಬರುತ್ತೆ. ಈ ಕೆಲಸ ಮಾಡೋರಿಗೆ ಇದು ಗೊತ್ತಿರಲ್ವಾ? ಗೊತ್ತಿರುತ್ತೆ!

ಆಗ ಕಾಂಟ್ರಾಕ್ಟರ್ ಕೊಟ್ಟಿದ್ದ ಬಾವಿ ನೀರಿನ ಲ್ಯಾಬ್ ರಿಪೋರ್ಟ್ ತೆಗೆದು ಸಾಲು ಸಾಲು ಓದಿದೆ. ಪಿಎಚ್ ಇದೆ, ಗಡಸುತನ ಇದೆ, ಫ್ಲೋರೈಡ್, ನೈಟ್ರೇಟ್, ಕೋಲಿಫಾರ್ಮ್ ಎಲ್ಲ ಇದೆ. ಎಲ್ಲದರ ಮುಂದೆ ಪಾಸ್. ಮಿನರಲ್ ಆಯಿಲ್, ಅಂದ್ರೆ ಡೀಸೆಲ್ ಥರದ ಎಣ್ಣೆ, ಅನ್ನೋ ಸಾಲೇ ಇಲ್ಲ! ಕುಡಿಯೋ ನೀರಿನ ಭಾರತೀಯ ಮಾನದಂಡ ಐಎಸ್ 10500ರಲ್ಲಿ ಅದಕ್ಕೆ ಲೀಟರಿಗೆ 0.5 ಮಿಲಿಗ್ರಾಂ ಅಂತ ಮಿತಿ ಇದೆ. ಡೀಸೆಲ್ ಬಿದ್ದ ಬಾವಿ ನೀರಲ್ಲಿ ಡೀಸೆಲ್ ಒಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಪರೀಕ್ಷೆ ಮಾಡಿಸಿದ್ದಾರೆ. ಕೊನೆಯಲ್ಲಿ ಸಣ್ಣಕ್ಷರದಲ್ಲಿ, ಸ್ಯಾಂಪಲ್ ಲ್ಯಾಬಿನವರು ತೆಗೆದಿದ್ದಲ್ಲ, ಪಾರ್ಟಿ (ಪರೀಕ್ಷೆ ಮಾಡಿಸಿದವರು) ತಂದುಕೊಟ್ಟಿದ್ದು ಅಂತ. ಯಾವ ಬಾವಿ ನೀರೋ! ಆ ಕಾಗದ ತೋರಿಸಿಯೇ ಲೈನ್ ಮನೆಯವರಿಗೆ ನೀರು ಸರಿಯಾಗಿದೆ ಅಂದಿದ್ದೆವು. ಅಲ್ಲಿ ಸಣ್ಣ ಮಕ್ಕಳಿದ್ದಾರೆ. ಮೈಯೆಲ್ಲ ಉರಿದುಹೋಯ್ತು.

ಕಾಂಟ್ರಾಕ್ಟರ್‌ಗೆ ಫೋನ್ ಮಾಡಿದೆ. "ಮೇಡಂ, ಇದು ಟೆಕ್ನಿಕಲ್ ವಿಷಯ, ಸಾರ್ ಇದ್ರೆ ಫೋನ್ ಕೊಡಿ." ತೋಟ ನೋಡಿಕೊಳ್ಳೋದು ನಾನೇ ಕಣ್ರೀ ಅಂದೆ. "ಗೊಬ್ಬರದ ವಾಸನೆ ಇರಬೇಕು." ಆಮೇಲೆ, "ಮಣ್ಣು ಮಾತ್ರ ನಮ್ದು, ಬಾವಿ ಕೊಟೇಶನ್‌ನಲ್ಲಿ ಇರಲಿಲ್ಲ." ಇತ್ತು, ಅವರದೇ ಕೈಬರಹದಲ್ಲಿ. ಫೋಟೋ ಕಳಿಸಿದೆ. ನೀಲಿ ಟಿಕ್ ಬಂತು, ಉತ್ತರ ಇಲ್ಲ.

ಸಾಗಿಸಿದ ಮಣ್ಣು? ನಮ್ಮ ಡ್ರೈವರ್ ಪತ್ತೆ ಮಾಡಿದ: ರಸ್ತೆ ತಿರುವಲ್ಲಿ, ಹಳ್ಳದ ಪಕ್ಕ ಸುರಿದಿದ್ದಾರೆ. ಆ ಹಳ್ಳ ಹೇಮಾವತಿಗೆ ಸೇರುತ್ತೆ ಮಾರಾಯ್ರೆ!

ಮಾಡಿಸೋರು ಇಷ್ಟು ನೋಡಿ. ಗುಂಡಿ ಮುಚ್ಚೋ ಮೊದಲು ತಳದ್ದು, ನಾಲ್ಕೂ ಬದಿಯದ್ದು ಮಣ್ಣನ್ನ ಲ್ಯಾಬಿನವರೇ ಬಂದು ತೆಗೀಬೇಕು. ನೀರಿಗೂ ಮಣ್ಣಿಗೂ ಎಣ್ಣೆ ಅಂಶದ ಪರೀಕ್ಷೆಯೇ ಬೇಕು ಅಂತ ಬರೆಸಿಕೊಳ್ಳಿ. ಎಣ್ಣೆ ಮಣ್ಣು ಅಪಾಯಕಾರಿ ತ್ಯಾಜ್ಯ, 2016ರ ನಿಯಮದ ಪ್ರಕಾರ ಅನುಮತಿ ಇರೋ ಜಾಗಕ್ಕೇ ಹೋಗಬೇಕು, ಅದರ ಮ್ಯಾನಿಫೆಸ್ಟ್ (ತ್ಯಾಜ್ಯ ಸಾಗಿಸಿದ ದಾಖಲೆ) ಪ್ರತಿ ಕೈಗೆ ಬರಬೇಕು. ಒಂದು ಮಳೆಗಾಲ ಕಳೆದು ಮತ್ತೆ ಪರೀಕ್ಷೆ ಆಗೋವರೆಗೂ ಕೊನೆ ಕಂತು ಬಿಡಬೇಡಿ. ಬಾವಿಗೆ ಕ್ಯಾನ್ ಹಿಡಿದು ಬಂದರೆ ಅಲ್ಲೇ ತಡೀರಿ.

ಬಾಕಿ ದುಡ್ಡು ತಡೆದಿದ್ದೀನಿ. ಲಾಯರ್ ನೋಟಿಸ್ ಕಳಿಸ್ತಾರಂತೆ, ಕಳಿಸಲಿ. ಹಳ್ಳದ ಪಕ್ಕದ ಮಣ್ಣಿನ ಫೋಟೋ, ಆ ರಿಪೋರ್ಟ್, ಕೊಟೇಶನ್ ಮೂರನ್ನೂ ಸೇರಿಸಿ ಮಾಲಿನ್ಯ ನಿಯಂತ್ರಣ ಮಂಡಳಿಗೆ ದೂರು ಕೊಟ್ಟಿದ್ದೀನಿ. ಲೈನ್ ಮನೆಗಳಿಗೆ ಸದ್ಯಕ್ಕೆ ಪಿಕಪ್‌ನಲ್ಲಿ ನೀರು ಹೋಗ್ತಿದೆ.