ರೆವಿಟ್ ಹೇಗಿದೆ? ದಿನಾ ಬಳಸುವವರ ಅನಿಸಿಕೆ

ಗೆರೆ ಎಳೆದು ನಕ್ಷೆ ಬರೆಯುವ ಆಟೋಕ್ಯಾಡ್ ಬಿಟ್ಟು, ಕಟ್ಟಡವನ್ನೇ ತ್ರೀಡಿ ಮಾಡೆಲ್ ಮಾಡಿ ಅದರಿಂದ ನಕ್ಷೆ ತೆಗೆಯುವ ಸಾಫ್ಟ್‌ವೇರ್ ಆದ ರೆವಿಟ್‌ಗೆ ಬರಬಹುದಾ ಎಂದು ಕೇಳಿದರೆ ನನ್ನ ಉತ್ತರ: ಧಾರಾಳವಾಗಿ ಬನ್ನಿ. ಆದರೆ ಬರೀ ಚೆಂದದ ತ್ರೀಡಿ ಚಿತ್ರಕ್ಕೆ ಬೇಡ. ಅದಕ್ಕೆ ಸ್ಕೆಚಪ್ ಎಂಬ ಸಾಫ್ಟ್‌ವೇರ್ ಸಾಕು, ಬೇಗ ಕಲಿಯಲೂಬಹುದು.

ರೆವಿಟ್ ಏನು ಅಂತ ಗೊತ್ತಾಗುವುದು ಡಿಸೈನ್ ಬದಲಾದಾಗ. ಒಂದು ಕಿಟಕಿಯನ್ನು ಅರ್ಧ ಅಡಿ ಪಕ್ಕಕ್ಕೆ ಸರಿಸಿ ನೋಡಿ. ಪ್ಲಾನ್‌ನಲ್ಲಿ ಸರಿದದ್ದು ಎಲಿವೇಷನ್‌ನಲ್ಲೂ (ಎದುರಿನಿಂದ ಕಾಣುವ ನೋಟ) ಸರಿದಿರುತ್ತದೆ, ಅಳತೆಯ ಅಂಕಿಯೂ ತಾನಾಗಿಯೇ ಬದಲಾಗಿರುತ್ತದೆ. ಕಿಟಕಿ ತೆಗೆದೇಬಿಟ್ಟರೆ ಷೆಡ್ಯೂಲ್‌ನ, ಅಂದರೆ ಕಿಟಕಿಗಳ ಪಟ್ಟಿಯ, ಲೆಕ್ಕದಲ್ಲೂ ಒಂದು ಕಡಿಮೆ. ಬರೀ ಗೆರೆ ಎಳೆದು ಕೆಲಸ ಮಾಡುವಾಗ ಇದನ್ನೆಲ್ಲ ಪ್ರತಿ ಹಾಳೆಯಲ್ಲೂ ಕೈಯಾರೆ ತಿದ್ದಬೇಕು, ಒಂದು ಕಡೆ ಬಿಟ್ಟುಹೋದರೂ ಸೈಟ್‌ನಲ್ಲಿರುವವರು ಯಾವ ಹಾಳೆ ನಂಬಬೇಕು ಹೇಳಿ? 2000ದಲ್ಲಿ ಮೊದಲ ಆವೃತ್ತಿ ಬಂದಾಗಲೂ, 2002ರಲ್ಲಿ ಆಟೋಕ್ಯಾಡ್‌ನ ಕಂಪನಿ ಆಟೋಡೆಸ್ಕ್ ಅದನ್ನು ಕೊಂಡುಕೊಂಡ ಮೇಲೂ ಇದೇ ಅದರ ಜೀವಾಳ.

ನನಗೆ ಇನ್ನೂ ಜಾಸ್ತಿ ಇಷ್ಟ ಆಗಿದ್ದು ಇಂಟರ್‌ಫಿಯರೆನ್ಸ್ ಚೆಕ್, ಅಂದರೆ ಒಂದು ಭಾಗ ಇನ್ನೊಂದಕ್ಕೆ ನುಗ್ಗಿದೆಯಾ ಅಂತ ಹುಡುಕುವ ಸೌಲಭ್ಯ. ಬೀಮ್ ಕೆಳಗೆ ಫಾಲ್ಸ್ ಸೀಲಿಂಗ್‌ವರೆಗೆ 300 ಮಿ.ಮೀ. ಜಾಗ ಇದೆ, ಎಸಿ ಡಕ್ಟ್‌ನ ಎತ್ತರ 350 ಅಂದುಕೊಳ್ಳಿ. ಪ್ಲಾನ್ ಹಾಳೆಯಲ್ಲಿ ಇದು ಗೊತ್ತೇ ಆಗಲ್ಲ, ಗೆರೆ ಗೆರೆಯನ್ನು ದಾಟಿದ ಹಾಗೆ ಕಾಣುತ್ತದೆ ಅಷ್ಟೇ. ಸ್ಟ್ರಕ್ಚರಲ್ ಮಾಡೆಲ್ ಲಿಂಕ್ ಮಾಡಿ ಚೆಕ್ ಓಡಿಸಿದರೆ ಡಕ್ಟ್ ಬೀಮ್‌ಗೆ ನುಗ್ಗಿರುವುದು ಅಲ್ಲೇ ಸಿಕ್ಕಿಬೀಳುತ್ತದೆ. ಕಾಂಕ್ರೀಟ್ ಹಾಕುವ ಮುಂಚೆ ಆದರೆ ಡಕ್ಟನ್ನು ಅಗಲ ಮಾಡಿ ಎತ್ತರ ಇಳಿಸಬಹುದು, ದಾರಿ ಬದಲಿಸಬಹುದು. ಆಮೇಲೆ ಬೀಮ್ ಕೊರೆಯುತ್ತೇವೆ ಅಂದರೆ ಯಾವ ಸ್ಟ್ರಕ್ಚರಲ್ ಇಂಜಿನಿಯರ್ ಒಪ್ಪುತ್ತಾರೆ? ಆದರೆ ಎಲ್ಲವನ್ನೂ ಎಲ್ಲದರ ಜೊತೆ ಒಟ್ಟಿಗೆ ಚೆಕ್ ಮಾಡಬೇಡಿ. ಗೋಡೆಯೊಳಗೆ ಹೋಗಲೇಬೇಕಾದ ಪೈಪ್‌ಗಳೂ ಪಟ್ಟಿಗೆ ಸೇರಿ, ನಿಜವಾದ ತೊಂದರೆ ಅದರಲ್ಲಿ ಮುಳುಗಿಹೋಗುತ್ತದೆ. ಮೊದಲು ಬೀಮ್ ಮತ್ತು ಡಕ್ಟ್, ಉಳಿದದ್ದು ಆಮೇಲೆ.

ಕೊರತೆಗಳಲ್ಲಿ ದೊಡ್ಡದು ಆವೃತ್ತಿಯದು. ರೆವಿಟ್ 2024ರಲ್ಲಿ ಸೇವ್ ಮಾಡಿದ ಫೈಲ್ ರೆವಿಟ್ 2023ರಲ್ಲಿ ತೆರೆಯಲ್ಲ, ಹಳೆಯ ಆವೃತ್ತಿಗೆ ಸೇವ್ ಮಾಡುವ ದಾರಿಯೂ ಇಲ್ಲ. ಹಾಗಾಗಿ ಆರ್ಕಿಟೆಕ್ಟ್, ಸ್ಟ್ರಕ್ಚರಲ್, ಪ್ಲಂಬಿಂಗ್ ಎಲ್ಲರೂ ಯಾವ ವರ್ಷದ್ದು ಬಳಸಬೇಕು ಅಂತ ಕೆಲಸ ಶುರುವಾಗುವ ಮೊದಲೇ ಮಾತಾಡಿಕೊಳ್ಳಬೇಕು. ಬೇರೆ ಸಾಫ್ಟ್‌ವೇರ್‌ನವರಿಗೆ ಕೊಡಲು ಐಎಫ್‌ಸಿ ಎಂಬ ಫೈಲ್ ರೂಪ ಇದೆ, ಅದು ಐಎಸ್‌ಒ 16739 ಎಂಬ ಮುಕ್ತ ಮಾನದಂಡ. ಆಕಾರ, ಮಾಹಿತಿ ತಕ್ಕಮಟ್ಟಿಗೆ ಹೋಗುತ್ತವೆ. ಆದರೆ ರೆವಿಟ್‌ನಲ್ಲಿ ಒಂದು ಅಳತೆ ಬದಲಿಸಿದರೆ ಉಳಿದದ್ದೆಲ್ಲ ಬದಲಾಗುವ ಆ ಗುಣ ಅಲ್ಲಿಗೆ ಹೋಗಲ್ಲ. ಒಂದು ಸಲ ಇಲ್ಲಿ ನೆಲೆಯೂರಿದರೆ ಹೊರಗೆ ಹೋಗುವುದು ಕಷ್ಟ ಅನ್ನುವುದನ್ನು ತಿಳಿದೇ ಬನ್ನಿ.

ಇನ್ನೊಂದು ಮಾತು. ನೆಟ್‌ನಿಂದ ಸಿಕ್ಕಸಿಕ್ಕ ಫ್ಯಾಮಿಲಿಗಳನ್ನು (ಬಾಗಿಲು, ನಲ್ಲಿಯಂಥವುಗಳ ಸಿದ್ಧ ಮಾಡೆಲ್‌ಗಳು) ತಂದು ಹಾಕಬೇಡಿ. ನಲ್ಲಿಯ ಒಳಗಿನ ತಿರುಪಿನ ಸುತ್ತುಗಳವರೆಗೆ ಮಾಡೆಲ್ ಮಾಡಿದ ಫ್ಯಾಮಿಲಿಗಳು ಸಿಗುತ್ತವೆ, ಅಂಥದ್ದನ್ನು ಪ್ರತಿ ಬಚ್ಚಲಿಗೂ ಇಟ್ಟರೆ ಫೈಲ್ ತೆವಳುತ್ತದೆ. ಹಾಗೆಯೇ ಸೆಕ್ಷನ್ (ಕಟ್ಟಡವನ್ನು ಸೀಳಿದಂತೆ ತೋರಿಸುವ ನೋಟ) ಸರಿಯಾಗಿ ಬರದಿದ್ದರೆ ಮೇಲೊಂದು ಡೀಟೇಲ್ ಲೈನ್, ಅಂದರೆ ಮಾಡೆಲ್‌ಗೆ ಸೇರದ ಬರೀ ಗೆರೆ, ಎಳೆದು ಮುಚ್ಚುವ ಅಭ್ಯಾಸ ಆಟೋಕ್ಯಾಡ್‌ನಿಂದ ಬಂದವರಲ್ಲಿ ಜಾಸ್ತಿ. ಹಾಗೆ ಮಾಡಿದರೆ ಹಾಳೆ ಒಂದು ಹೇಳುತ್ತದೆ, ಮಾಡೆಲ್ ಇನ್ನೊಂದು ಹೇಳುತ್ತದೆ. ಮತ್ತೆ ರೆವಿಟ್ ಯಾಕೆ ಬೇಕಿತ್ತು?

ಒಬ್ಬರೇ ಕೆಲಸ ಮಾಡುವವರಾದರೆ ರೆವಿಟ್‌ನ ಚಿಕ್ಕ ರೂಪವಾದ ರೆವಿಟ್ ಎಲ್‌ಟಿ ನೋಡಿ. ಅದರಲ್ಲಿ ಹಲವರು ಒಂದೇ ಮಾಡೆಲ್ ಮೇಲೆ ಕೆಲಸ ಮಾಡುವ ವರ್ಕ್‌ಶೇರಿಂಗ್ ಇಲ್ಲ, ಒಬ್ಬರಿಗೆ ಅದು ಬೇಕಾಗುವುದೂ ಇಲ್ಲ. ರೆವಿಟ್ ಓಡುವುದು ವಿಂಡೋಸ್‌ನಲ್ಲಿ ಮಾತ್ರ. ಮ್ಯಾಕ್ ಇರುವವರು ಇದೇ ಬಗೆಯ ಆರ್ಕಿಕ್ಯಾಡ್ ಕಡೆ ನೋಡುವುದು ಒಳ್ಳೆಯದು.