ರೂಟರ್‌ಗೊಂದು ಮಿನಿ ಯುಪಿಎಸ್: ಕೊಳ್ಳಿ, ಆದರೆ ಸ್ವಿಚ್ ಇರುವುದನ್ನೇ ಕೊಳ್ಳಿ

ವೈಫೈ ರೂಟರ್‌ಗೆ ಜೋಡಿಸುವ ಅಂಗೈ ಅಗಲದ ಮಿನಿ ಯುಪಿಎಸ್ ಈಗ ಆನ್‌ಲೈನ್‌ನಲ್ಲೂ ಎಲೆಕ್ಟ್ರಿಕಲ್ ಅಂಗಡಿಗಳಲ್ಲೂ ಸಾವಿರದಿಂದ ಎರಡು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ. ಕರೆಂಟ್ ಹೋದಾಗ ನೆಟ್ ಕಡಿಯಬಾರದು, ಅಷ್ಟೇ ಇದರ ಕೆಲಸ. ಬಹುಪಾಲು ಮಾಡೆಲ್‌ಗಳು ಅದನ್ನು ಚೆನ್ನಾಗಿಯೇ ಮಾಡುತ್ತವೆ. ತಕರಾರು ಬೇರೆ ಕಡೆಯಿಂದ ಬರುತ್ತದೆ. ಇದನ್ನು ಹಾಕಿದ ಮೇಲೆ ರೂಟರ್ ಆಫ್ ಆಗುವುದೇ ನಿಂತುಹೋಗುತ್ತದೆ. ಆಗಾಗ ಹೋಗಿ ಬರುತ್ತಿದ್ದ ಕರೆಂಟೇ ಅದಕ್ಕೆ ಪುಕ್ಕಟೆ ರಿಪೇರಿ ಮಾಡಿಕೊಡುತ್ತಿತ್ತು ಎಂಬುದು ಕೆಲವು ವಾರಗಳ ನಂತರ, ನೆಟ್ ನಿಧಾನವಾದಾಗ ಗೊತ್ತಾಗುತ್ತದೆ.

ಆಫ್ ಮಾಡಿ ಆನ್ ಮಾಡಿದರೆ ಯಾಕೆ ಸರಿಹೋಗುತ್ತದೆ ಎಂಬುದನ್ನು ಮೊದಲು ನೋಡೋಣ. ಯಾವ ಯುಪಿಎಸ್ ಕೊಳ್ಳಬೇಕು ಎಂಬ ಪ್ರಶ್ನೆಗೆ ಉತ್ತರ ಅಲ್ಲೇ ಇದೆ.

ರೂಟರ್ ಎಂದರೆ ಕೀಬೋರ್ಡ್, ಪರದೆ ಇಲ್ಲದ ಪುಟ್ಟ ಕಂಪ್ಯೂಟರ್. ಮನೆ ರೂಟರ್‌ಗಳಲ್ಲಿ ಸಾಮಾನ್ಯವಾಗಿ 128 ಅಥವಾ 256 ಎಂಬಿ ರ‍್ಯಾಮ್ ಇರುತ್ತದೆ, ಒಳಗೆ ಓಡುವುದು ಹೆಚ್ಚಾಗಿ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ. ಅದರ ಮೇಲಿನ ಯಾವುದೋ ಒಂದು ಪ್ರೋಗ್ರಾಂ ಕೆಲಸಕ್ಕೆಂದು ಪಡೆದ ಮೆಮೊರಿಯನ್ನು ಮುಗಿದ ಮೇಲೆ ವಾಪಸ್ ಕೊಡದಿದ್ದರೆ ದಿನದಿಂದ ದಿನಕ್ಕೆ ಖಾಲಿ ಜಾಗ ಕಡಿಮೆಯಾಗುತ್ತ ಬರುತ್ತದೆ. ಜೊತೆಗೆ ರೂಟರ್ ಒಂದು ಪಟ್ಟಿ ಇಟ್ಟುಕೊಂಡಿರುತ್ತದೆ: ಮನೆಯ ಯಾವ ಫೋನ್, ಹೊರಗಿನ ಯಾವ ಸರ್ವರ್‌ನೊಂದಿಗೆ, ಯಾವ ಪೋರ್ಟ್‌ನಲ್ಲಿ ಮಾತಾಡುತ್ತಿದೆ ಎಂದು. ಒಂದೇ ಫೋನ್ ಒಂದೆರಡು ಆ್ಯಪ್ ತೆರೆದರೆ ಹತ್ತಾರು ಸಾಲು ಸೇರುತ್ತವೆ. ಸಂಪರ್ಕ ಸರಿಯಾಗಿ ಮುಗಿಯದೆ ಕಡಿದುಹೋದರೆ ಆ ಸಾಲು ಅಲ್ಲೇ ಉಳಿಯುತ್ತದೆ. ಲಿನಕ್ಸ್‌ನ ಮೂಲ ಸೆಟ್ಟಿಂಗ್ ಪ್ರಕಾರ ಅಂಥ ಸಾಲು ಅಳಿಸಿಹೋಗಲು 5 ದಿನ ಬೇಕು. ಬಹಳಷ್ಟು ತಯಾರಕರು ಈ ಅವಧಿಯನ್ನು ಇಳಿಸಿರುತ್ತಾರೆ, ಆದರೂ ಒಂದೇ ಫೈಲನ್ನು ಏಕಕಾಲಕ್ಕೆ ಹಲವು ಕಂಪ್ಯೂಟರುಗಳಿಂದ ಇಳಿಸುವ ಟೊರೆಂಟ್ ಓಡಿಸುವ ಮನೆಯಲ್ಲಿ ಪಟ್ಟಿ ತುಂಬಿಹೋಗುವುದುಂಟು. ಆಗಿನ ಲಕ್ಷಣ ವಿಚಿತ್ರ: ಈಗಾಗಲೇ ಓಡುತ್ತಿರುವ ವಿಡಿಯೊ ಓಡುತ್ತಲೇ ಇರುತ್ತದೆ, ಹೊಸ ಪುಟ ಮಾತ್ರ ತೆರೆಯುವುದಿಲ್ಲ.

ಕರೆಂಟ್ ತೆಗೆದರೆ ರ‍್ಯಾಮ್‌ನಲ್ಲಿರುವ ಇದೆಲ್ಲವೂ ಅಳಿಸಿಹೋಗುತ್ತದೆ. ಪಾಸ್‌ವರ್ಡ್, ಸೆಟ್ಟಿಂಗ್‌ಗಳು ಫ್ಲ್ಯಾಶ್ ಮೆಮೊರಿಯಲ್ಲಿ ಇರುವುದರಿಂದ ಅವಕ್ಕೇನೂ ಆಗುವುದಿಲ್ಲ. ಮತ್ತೆ ಆನ್ ಆದಾಗ ರೂಟರ್ ಎಲ್ಲವನ್ನೂ ಹೊಸದಾಗಿ ಶುರುಮಾಡುತ್ತದೆ. ವೈಫೈ ಚಾನೆಲ್ (ಸಿಗ್ನಲ್ ಸಾಗುವ ರೇಡಿಯೊ ದಾರಿ) 'ಆಟೋ'ದಲ್ಲಿದ್ದರೆ ಅಕ್ಕಪಕ್ಕದ ಮನೆಗಳ ವೈಫೈ ಗದ್ದಲ ಎಲ್ಲಿ ಕಡಿಮೆ ಎಂದು ನೋಡಿ ಇನ್ನೊಂದನ್ನು ಆರಿಸಿಕೊಳ್ಳುತ್ತದೆ. ಎಷ್ಟೋ ಮಾಡೆಲ್‌ಗಳು ಈ ಹುಡುಕಾಟವನ್ನು ಆನ್ ಆಗುವಾಗ ಮಾತ್ರ ಮಾಡುತ್ತವೆ. ಅಪಾರ್ಟ್‌ಮೆಂಟ್‌ನಲ್ಲಿ ರೀಸ್ಟಾರ್ಟ್ ಮಾಡಿದ ಕೂಡಲೇ ಸ್ಪೀಡ್ ಬಂದಂತೆ ಅನಿಸುವುದಕ್ಕೆ ಬಹಳ ಸಲ ಇದೇ ಕಾರಣ.

ಇದು ಅಗ್ಗದ ಮಾಲಿನ ರೋಗ ಎಂದುಕೊಳ್ಳಬೇಡಿ. ವಿಂಡೋಸ್ 95 ಮತ್ತು 98 ಒಂದೇ ಸಮನೆ 49.7 ದಿನ ಓಡಿದರೆ ಮಿಲಿಸೆಕೆಂಡ್ ಎಣಿಸುವ 32 ಬಿಟ್ ಲೆಕ್ಕ ತುಂಬಿ ನಿಂತುಬಿಡುತ್ತಿದ್ದವು. 2015ರಲ್ಲಿ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ, ಬೋಯಿಂಗ್ 787 ವಿಮಾನಗಳ ಕರೆಂಟ್ ವ್ಯವಸ್ಥೆಯನ್ನು ನಿಯತವಾಗಿ ಪೂರ್ತಿ ಆಫ್ ಮಾಡಬೇಕೆಂದು ಆದೇಶಿಸಿತು. 248 ದಿನ ಬಿಡದೆ ಆನ್ ಇದ್ದರೆ ಜನರೇಟರ್ ನಿಯಂತ್ರಿಸುವ ಘಟಕಗಳ ಒಳಲೆಕ್ಕ ತುಂಬಿ, ಅವು ಒಟ್ಟಿಗೇ ಕೈಕೊಡಬಹುದಿತ್ತು.

ಈಗ ಯುಪಿಎಸ್‌ಗೆ ಬರೋಣ. ನೆಟ್ ಕಂಪನಿಯ ಕಾಲ್ ಸೆಂಟರ್‌ನವರು "ಸರ್, ಒಂದ್ಸಲ ಆಫ್ ಮಾಡಿ ಆನ್ ಮಾಡಿ" ಎನ್ನುತ್ತಾರೆ. ನೀವು ಗೋಡೆಯ ಸ್ವಿಚ್ ಒತ್ತುತ್ತೀರಿ. ರೂಟರ್‌ಗೆ ಅದು ಗೊತ್ತೇ ಆಗುವುದಿಲ್ಲ, ಬ್ಯಾಟರಿಯಿಂದ ಓಡುತ್ತಲೇ ಇರುತ್ತದೆ. "ಮಾಡಿದೆ ಮೇಡಂ, ಆದ್ರೂ ಬರ್ತಿಲ್ಲ" ಎಂದು ಹೇಳಿ, ಮಾರನೇ ದಿನ ಲೈನ್‌ಮನ್ ಬಂದು ರೂಟರ್‌ನ ಪಿನ್ ಕಿತ್ತು ಹಾಕಿದಾಗ ನೆಟ್ ಬಂದುಬಿಡುತ್ತದೆ. ಆದ್ದರಿಂದ ಯುಪಿಎಸ್ ಮೇಲೆಯೇ ಔಟ್‌ಪುಟ್ ಕಡಿಯುವ ಆನ್/ಆಫ್ ಸ್ವಿಚ್ ಇದೆಯೇ ಎಂದು ನೋಡುವುದು ಮೊದಲ ಪರೀಕ್ಷೆ. ಎಷ್ಟೋ ಮಾಡೆಲ್‌ಗಳಲ್ಲಿ ಬರೀ ಲೈಟ್ ಇರುತ್ತದೆ, ಸ್ವಿಚ್ ಇರುವುದಿಲ್ಲ. ಅಂಥದ್ದು ಈಗಾಗಲೇ ಮನೆಯಲ್ಲಿದ್ದರೆ ರೂಟರ್ ಹಿಂದಿನ ಪವರ್ ಬಟನ್ ಬಳಸಿ. ಅದೂ ಇಲ್ಲದಿದ್ದರೆ ಪಿನ್ ಕೀಳಬೇಕು. ಪದೇಪದೇ ಕಿತ್ತರೆ ಸಾಕೆಟ್ ಸಡಿಲವಾಗಿ ಹೊಸ ತೊಂದರೆ ಶುರುವಾಗುತ್ತದೆ.

ರೀಸ್ಟಾರ್ಟ್ ಮಾಡುವಾಗ 30 ಸೆಕೆಂಡ್ ಕಾಯಿರಿ ಎನ್ನುವುದಕ್ಕೂ ಕಾರಣವಿದೆ. ಅಡಾಪ್ಟರ್‌ನಲ್ಲೂ ರೂಟರ್‌ನ ಬೋರ್ಡ್‌ನಲ್ಲೂ ಕೆಪಾಸಿಟರ್‌ಗಳಿವೆ, ಅವು ಸ್ವಿಚ್ ಆಫ್ ಆದ ಮೇಲೂ ಕೆಲ ಸೆಕೆಂಡ್ ಚಾರ್ಜ್ ಹಿಡಿದಿರುತ್ತವೆ. ಟಕ್ ಎಂದು ಆಫ್ ಮಾಡಿ ಟಕ್ ಎಂದು ಆನ್ ಮಾಡಿದರೆ ವೋಲ್ಟೇಜ್ ಸೊನ್ನೆಗೆ ಇಳಿದಿರುವುದೇ ಇಲ್ಲ. ಚಿಪ್‌ಗಳಲ್ಲಿ ಕೆಲವು ಎಚ್ಚರವಾಗಿ, ಕೆಲವು ಅರೆನಿದ್ದೆಯಲ್ಲಿ ಉಳಿಯುತ್ತವೆ. ಮಳೆಗಾಲದಲ್ಲಿ ಕರೆಂಟ್ ಕಣ್ಣುಮಿಟುಕಿಸಿದಾಗ ಸೆಟ್‌ಟಾಪ್ ಬಾಕ್ಸ್ ಹ್ಯಾಂಗ್ ಆಗುವುದೂ ಹೀಗೆಯೇ. ಪೂರ್ತಿ ಹೋಗಿ ಬಂದ ಕರೆಂಟ್‌ಗಿಂತ ಅರ್ಧಂಬರ್ಧ ಹೋದ ಕರೆಂಟ್ ಹೆಚ್ಚು ಕಾಟ ಕೊಡುತ್ತದೆ. ಈ ಒಂದು ವಿಷಯದಲ್ಲಿ ಮಿನಿ ಯುಪಿಎಸ್‌ಗೆ ಪೂರ್ತಿ ಅಂಕ ಕೊಡಬೇಕು, ಅಂಥ ಮಿಟುಕನ್ನು ಅದು ರೂಟರ್‌ವರೆಗೆ ಬಿಡುವುದಿಲ್ಲ.

ಟಿವಿ, ಸೆಟ್‌ಟಾಪ್ ಬಾಕ್ಸ್‌ಗಳನ್ನು ರಿಮೋಟ್‌ನಲ್ಲಿ ಆಫ್ ಮಾಡಿದರೆ ಅವು ಸ್ಟ್ಯಾಂಡ್‌ಬೈಗೆ ಹೋಗುತ್ತವೆ ಅಷ್ಟೇ, ರೀಸ್ಟಾರ್ಟ್ ಆಗಬೇಕಾದರೆ ಗೋಡೆ ಸ್ವಿಚ್ ಆಫ್ ಆಗಬೇಕು. ಫ್ರಿಜ್, ಎಸಿ ಆದರೆ 30 ಸೆಕೆಂಡ್ ಸಾಲದು. ಕಂಪ್ರೆಸರ್‌ನ ಎರಡು ಬದಿಯ ಗ್ಯಾಸ್ ಒತ್ತಡ ಸಮವಾಗಲು 3ರಿಂದ 5 ನಿಮಿಷ ಬಿಡಬೇಕು.

ಫೈಬರ್ ಸಂಪರ್ಕದಲ್ಲಿ ಓಎನ್‌ಟಿ ಬಾಕ್ಸ್ (ಫೈಬರ್‌ನಲ್ಲಿ ಬರುವ ಬೆಳಕನ್ನು ವಿದ್ಯುತ್ ಸಿಗ್ನಲ್ ಆಗಿ ಬದಲಿಸುವ ಪೆಟ್ಟಿಗೆ) ಬೇರೆ, ರೂಟರ್ ಬೇರೆ ಇದ್ದರೆ ಎರಡನ್ನೂ ಆಫ್ ಮಾಡಿ. ಮೊದಲು ಓಎನ್‌ಟಿ ಆನ್ ಮಾಡಿ, ಫೈಬರ್ ಸಂಪರ್ಕ ಸಿಕ್ಕಿತೇ ಎಂದು ತೋರಿಸುವ ಪಿಒಎನ್ ಲೈಟ್ ಮಿನುಗುವುದು ನಿಂತು ಹಸಿರಾಗಿ ಉಳಿದ ಮೇಲೆ ರೂಟರ್ ಆನ್ ಮಾಡಿ. ಅಷ್ಟಾದರೂ ಯೂಸರ್‌ನೇಮ್ ತಪ್ಪು, ಸಂಪರ್ಕ ಸಿಗಲಿಲ್ಲ ಎಂದು ತೋರಿಸಿದರೆ ಗಾಬರಿ ಬೇಡ. ದಿಢೀರ್ ಆಫ್ ಆದ ರೂಟರ್ 'ನಾನು ಹೊರಟೆ' ಎಂದು ಕಂಪನಿಯ ಸರ್ವರ್‌ಗೆ ತಿಳಿಸಿರುವುದಿಲ್ಲ. ಹಳೆಯ ಲಾಗಿನ್ ಇನ್ನೂ ಜೀವಂತ ಎಂದು ಅಲ್ಲಿ ಲೆಕ್ಕವಿರುತ್ತದೆ, ಒಂದೇ ಲಾಗಿನ್‌ಗೆ ಅವಕಾಶವಿರುವ ಕಡೆ ಎರಡನೆಯದನ್ನು ಒಳಗೆ ಬಿಡುವುದಿಲ್ಲ. ಐದು ನಿಮಿಷ ಸುಮ್ಮನಿದ್ದರೆ ಸಾಮಾನ್ಯವಾಗಿ ತಾನಾಗಿಯೇ ಸರಿಹೋಗುತ್ತದೆ. ಆ ಹೊತ್ತಿನಲ್ಲಿ ಸಹನೆ ಕೆಟ್ಟು ರೀಸೆಟ್ ತೂತಿಗೆ ಪಿನ್ನು ಚುಚ್ಚುವುದು ಮಾತ್ರ ಬೇಡವೇ ಬೇಡ. ರೀಸ್ಟಾರ್ಟ್ ಬೇರೆ, ರೀಸೆಟ್ ಬೇರೆ. ಹತ್ತು ಸೆಕೆಂಡ್ ಒತ್ತಿ ಹಿಡಿದರೆ ಲಾಗಿನ್ ವಿವರ, ಕಂಪನಿಯ ಜಾಲಕ್ಕೆ ಸೇರಲು ಬೇಕಾದ ವಿಲ್ಯಾನ್ ಸಂಖ್ಯೆ ಎಲ್ಲವೂ ಅಳಿಸಿ, ಲೈನ್‌ಮನ್ ಬರುವವರೆಗೆ ಮನೆಯಲ್ಲಿ ನೆಟ್ ಇಲ್ಲ. ಎಲ್‌ಓಎಸ್ ಲೈಟ್ ಕೆಂಪಗಿದ್ದರೆ ಬೆಳಕು ಬಾಕ್ಸ್‌ವರೆಗೆ ಬರುತ್ತಿಲ್ಲ ಎಂದರ್ಥ. ಫೈಬರ್ ತುಂಡಾಗಿದೆ, ಮಡಚಿದೆ, ಇಲ್ಲವೇ ಕನೆಕ್ಟರ್ ಜಾರಿದೆ. ಅದಕ್ಕೆ ನೂರು ಸಲ ಆಫ್ ಆನ್ ಮಾಡಿದರೂ ಪ್ರಯೋಜನವಿಲ್ಲ.

ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಎಂಬುದರಲ್ಲಿ ಡಬ್ಬದ ಮೇಲಿನ ಬರಹವನ್ನು ನಂಬಬೇಡಿ, ಲೆಕ್ಕ ಹಾಕಿ. 6000 ಎಂಎಎಚ್ ಎಂದರೆ ಸಾಮಾನ್ಯವಾಗಿ 2000 ಎಂಎಎಚ್‌ನ ಮೂರು ಲಿಥಿಯಂ ಸೆಲ್‌ಗಳು. ತಲಾ 3.7 ವೋಲ್ಟ್ ಹಿಡಿದರೆ ಒಟ್ಟು 22 ವ್ಯಾಟ್-ಅವರ್. ವೋಲ್ಟೇಜ್ ಬದಲಿಸುವಲ್ಲಿ ಒಂದಿಷ್ಟು ಪೋಲಾಗಿ ಕೈಗೆ ಸಿಗುವುದು 19ರ ಹತ್ತಿರ. 8 ವ್ಯಾಟ್ ಎಳೆಯುವ ರೂಟರ್ ಒಂದಕ್ಕೆ ಇದು ಎರಡೂಕಾಲು ಗಂಟೆ. ಒಂದು ಔಟ್‌ಪುಟ್ ಅನ್ನು ಎರಡಾಗಿಸುವ ವೈ-ಕೇಬಲ್ ಹಾಕಿ ಓಎನ್‌ಟಿಯನ್ನೂ ಸೇರಿಸಿದರೆ ಒಂದೂವರೆ ಗಂಟೆ. 'ನಾಲ್ಕು ಗಂಟೆ ಬ್ಯಾಕಪ್' ಎಂಬುದು 4–5 ವ್ಯಾಟ್‌ನ ಸಣ್ಣ ರೂಟರ್‌ಗೆ ನಿಜ. ನಗರದ ಒಂದೆರಡು ಗಂಟೆಯ ಕಡಿತಕ್ಕೆ ಇಷ್ಟು ಸಾಕು. ಮಲೆನಾಡಿನಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟ್ ಇಲ್ಲದಾಗ ಇದು ಯಾವ ಲೆಕ್ಕಕ್ಕೂ ಇಲ್ಲ. ಅದೂ ಅಲ್ಲದೆ ಕೇಬಲ್ ಆಪರೇಟರ್‌ನ ಕಡೆಯ ಯಂತ್ರಕ್ಕೂ ಬ್ಯಾಕಪ್ ಇರಬೇಕು. ಅದು ಆರಿಹೋದರೆ ನಿಮ್ಮ ರೂಟರ್‌ನ ಲೈಟ್ ಬರೀ ಅಲಂಕಾರ.

ವೋಲ್ಟ್, ಆಂಪಿಯರ್ ಹೊಂದಿಸುವುದು ಸುಲಭ. ರೂಟರ್ ಅಡಾಪ್ಟರ್ ಮೇಲೆ 12 ವೋಲ್ಟ್ 1 ಆಂಪಿಯರ್, 12 ವೋಲ್ಟ್ 1.5 ಆಂಪಿಯರ್, 9 ವೋಲ್ಟ್ 0.6 ಆಂಪಿಯರ್ ಎಂದೆಲ್ಲ ಬರೆದಿರುತ್ತದೆ. ವೋಲ್ಟ್ ಅದೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚಿರಬೇಕು. ಪಿನ್‌ನ ಹೊರ ಅಳತೆ ಹೆಚ್ಚಾಗಿ 5.5 ಮಿಮೀ, ಒಳಗಿನ ತೂತು ಮಾತ್ರ 2.1 ಅಥವಾ 2.5 ಮಿಮೀ. 2.1ರ ಸಾಕೆಟ್‌ಗೆ 2.5ರ ಪಿನ್ ಹೋಗುತ್ತದೆ, ಆದರೆ ಸಡಿಲವಾಗಿ ಕೂರುತ್ತದೆ. ಕೈ ತಾಗಿದರೆ ರೂಟರ್ ರೀಸ್ಟಾರ್ಟ್.

ಹೆಚ್ಚಿನವರು ಎಡವುವುದು ಇನ್‌ಪುಟ್ ಬದಿಯಲ್ಲಿ. ಹಲವು ಮಾಡೆಲ್‌ಗಳಿಗೆ ರೂಟರ್‌ನ ಹಳೆಯ ಅಡಾಪ್ಟರನ್ನೇ ಚುಚ್ಚಬೇಕು. 12 ವೋಲ್ಟ್ 1 ಆಂಪಿಯರ್ ಅಡಾಪ್ಟರ್ ಕೊಡುವುದು 12 ವ್ಯಾಟ್. ಬ್ಯಾಟರಿ ಪೂರ್ತಿ ಖಾಲಿಯಾಗಿ ಕರೆಂಟ್ ಬಂದಾಗ ಅದೇ 12 ವ್ಯಾಟ್‌ನಲ್ಲಿ ಬ್ಯಾಟರಿಯೂ ತುಂಬಬೇಕು, ರೂಟರೂ ಶುರುವಾಗಬೇಕು. ಸಾಲದೆ ವೋಲ್ಟೇಜ್ ಕುಸಿಯುತ್ತದೆ, ರೂಟರ್ ಅರ್ಧ ಶುರುವಾಗಿ ಆಫ್ ಆಗುತ್ತದೆ, ಮತ್ತೆ ಶುರುವಾಗುತ್ತದೆ, ಮತ್ತೆ ಆಫ್. ರೂಟರ್ ಕೆಟ್ಟಿತು ಎಂದು ಹೊಸದು ತರುವ ಮೊದಲು, ಯುಪಿಎಸ್‌ನ ಇನ್‌ಪುಟ್ ಮಿತಿ ನೋಡಿಕೊಂಡು 12 ವೋಲ್ಟ್ 2 ಆಂಪಿಯರ್ ಅಡಾಪ್ಟರ್ ಹಾಕಿ ನೋಡಿ.

ತಮಾಷೆಯೆಂದರೆ ಈ ಯುಪಿಎಸ್‌ಗೂ ಅದೇ ಮದ್ದು ಬೇಕಾಗುತ್ತದೆ. ಹೆಚ್ಚು ಕರೆಂಟ್ ಎಳೆದಾಗ ಅಥವಾ ಬ್ಯಾಟರಿ ತಳ ಕಂಡಾಗ ಒಳಗಿನ ರಕ್ಷಣಾ ಸರ್ಕ್ಯೂಟ್ ಔಟ್‌ಪುಟ್ ಕಡಿದು ಹಾಗೆಯೇ ಕೂತುಬಿಡುತ್ತದೆ. ರೂಟರ್‌ನ ಪಿನ್ ಬಿಡಿಸಿ, ಅಡಾಪ್ಟರ್ ಕೊಟ್ಟು ಒಂದೆರಡು ನಿಮಿಷ ಬಿಟ್ಟು ಮತ್ತೆ ಜೋಡಿಸಿದರೆ ಎದ್ದೇಳುತ್ತದೆ. ಸತ್ತುಹೋಯಿತು ಎಂದು ಅಂಗಡಿಗೆ ವಾಪಸ್ ಕೊಡುವ ಮೊದಲು ಇಷ್ಟು ಮಾಡಿ ನೋಡಬಹುದು.

ಮನೆಯಲ್ಲಿ ಇನ್ವರ್ಟರ್ ಇದ್ದು, ಕರೆಂಟ್ ಹೋದಾಗ ರೂಟರ್ ಒಮ್ಮೆ ಆಫ್ ಆಗಿ ಆನ್ ಆಗುವುದಷ್ಟೇ ನಿಮ್ಮ ತೊಂದರೆಯಾದರೆ ಈ ದುಡ್ಡು ಉಳಿಸಿ. ಇನ್ವರ್ಟರ್ ಹಿಂದೆ ಯುಪಿಎಸ್ ಮೋಡ್ ಸ್ವಿಚ್ ಇದೆಯೇ ನೋಡಿ, ಅದರಲ್ಲಿ ಬದಲಾವಣೆ ಕೆಲವೇ ಮಿಲಿಸೆಕೆಂಡ್‌ಗಳಲ್ಲಿ ಆಗುವುದರಿಂದ ರೂಟರ್ ಉಳಿದುಕೊಳ್ಳುತ್ತದೆ. ವೋಲ್ಟೇಜ್ ತೀರಾ ಏರಿಳಿಯುವ ಊರಲ್ಲಿ ಮಾತ್ರ ಈ ಮೋಡ್‌ನಲ್ಲಿ ಇನ್ವರ್ಟರ್ ಪದೇಪದೇ ಬ್ಯಾಟರಿಗೆ ಜಾರುತ್ತದೆ.

ಇನ್ವರ್ಟರ್ ಇಲ್ಲದ, ಮನೆಯಿಂದಲೇ ಕೆಲಸ ಮಾಡುವವರ ಮನೆಗೆ ಮಿನಿ ಯುಪಿಎಸ್ ಕೊಟ್ಟ ಕಾಸಿಗೆ ಮೋಸವಿಲ್ಲ. ಸ್ವಿಚ್ ಇರಲಿ, ಔಟ್‌ಪುಟ್ 12 ವೋಲ್ಟ್‌ನಲ್ಲಿ ಸ್ಥಿರವಾಗಿರುತ್ತದೆ ಎಂದು ಬರೆದಿರಲಿ. ಕೆಲವು ಅಗ್ಗದವು ಸೆಲ್‌ಗಳ ವೋಲ್ಟೇಜನ್ನೇ ನೇರ ಬಿಡುವುದರಿಂದ 12.6ರಲ್ಲಿ ಶುರುವಾಗಿ 9ರತ್ತ ಇಳಿಯುತ್ತವೆ, ಕೊನೆಯ ಅರ್ಧ ಗಂಟೆ ರೂಟರ್ ತಡವರಿಸುತ್ತದೆ. ತಂದು ಜೋಡಿಸಿದ ದಿನವೇ ರೂಟರ್ ಸೆಟ್ಟಿಂಗ್‌ನಲ್ಲಿ ರೀಬೂಟ್ ಶೆಡ್ಯೂಲ್ ಇದ್ದರೆ ವಾರಕ್ಕೊಮ್ಮೆ, ಬೆಳಗಿನ ಜಾವ 4 ಗಂಟೆಗೆ ಇಟ್ಟುಬಿಡಿ. ರೂಟರ್‌ನ ಗಡಿಯಾರ ಭಾರತದ ಸಮಯಕ್ಕಿದೆಯೇ ಎಂದೂ ನೋಡಿಕೊಳ್ಳಿ, ಇಲ್ಲದಿದ್ದರೆ ನಾಲ್ಕು ಗಂಟೆ ಎಂಬುದು ನಿಮ್ಮ ಬೆಳಗಿನ ಒಂಬತ್ತೂವರೆಗೆ ಬಂದೀತು. ಪೆಟ್ಟಿಗೆಯನ್ನು ರೂಟರ್ ಮೇಲೆ ಪೇರಿಸಬೇಡಿ, ಆ ಬಿಸಿಗೆ ಸೆಲ್‌ಗಳು ಬೇಗ ಸೊರಗುತ್ತವೆ. ಎರಡು ಮೂರು ವರ್ಷದಲ್ಲಿ ಬ್ಯಾಕಪ್ ಅರ್ಧಕ್ಕಿಳಿದರೆ ಸೆಲ್ ಮುದಿಯಾಗಿದೆ. ಡಬ್ಬ ಉಬ್ಬಿದ್ದು ಕಂಡರೆ ಅಂದೇ ತೆಗೆದುಹಾಕಿ, ಒಣ ಕಸದ ಬುಟ್ಟಿಗೆ ಎಸೆಯದೆ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.