ಒಂದೇ ಎರೆ ಹೊಲ, ನಾಲ್ಕು ಪಟ್ಟಿ: ಹೊದಿಕೆ ಬೆಳೆ ಮತ್ತು ಕಡಿಮೆ ಉಳುಮೆಯ ಮೂರು ವರ್ಷಗಳ ಹೋಲಿಕೆ

ಗದಗ ಜಿಲ್ಲೆಯ ರೋಣ ತಾಲ್ಲೂಕಿನಲ್ಲಿರುವ ನಮ್ಮ ಆರು ಎಕರೆ ಎರೆ (ಕಪ್ಪು ಮಣ್ಣಿನ) ಹೊಲ ಪೂರ್ತಿ ಮಳೆಯನ್ನೇ ನಂಬಿಕೊಂಡಿರುವಂಥದು. ಮೇಲಿನ ಬದುವಿನಿಂದ ಕೆಳಗಿನ ಹಳ್ಳದವರೆಗೆ ಕಣ್ಣಿಗೆ ಗೊತ್ತಾಗದಷ್ಟು ಸಣ್ಣ ಇಳಿಜಾರಿದೆ. ನಾನು ಚಿಕ್ಕವನಿದ್ದಾಗ ಮೇಲಿನ ತುದಿಯಲ್ಲಿಯೂ ಬೇಸಿಗೆಯ ಬಿರುಕಿನೊಳಗೆ ನನ್ನ ಇಡೀ ತೋಳು ಇಳಿಯುತ್ತಿತ್ತು. ಈಗ ಅದೇ ಜಾಗದಲ್ಲಿ ಒಂದು ಗೇಣು ಅಗೆದರೆ ಗರಸು (ಕಲ್ಲುಮಿಶ್ರಿತ ಗಟ್ಟಿ ಪದರ) ತಗಲುತ್ತದೆ. ಮಣ್ಣು ಎಲ್ಲಿಗೆ ಹೋಯಿತೆಂದು ಯಾರನ್ನೂ ಕೇಳಬೇಕಾಗಿಲ್ಲ, ಹಳ್ಳದ ದಂಡೆಗೆ ಹೋಗಿ ನಿಂತರೆ ಸಾಕು. ನೆಲವನ್ನು ಬರಿದಾಗಿ ಬಿಡದೆ ಹೊದಿಕೆ ಬೆಳೆಯಿಂದ ಮುಚ್ಚಿ, ಉಳುಮೆ ಕಡಿಮೆ ಮಾಡಿ ಎಂಬ ಸಲಹೆಯನ್ನು ಎಷ್ಟೋ ಕೃಷಿ ಮೇಳಗಳಲ್ಲಿ ಕೇಳಿದ್ದೆ. ಆದರೆ ಈ ಎರಡರಲ್ಲಿ ಯಾವುದನ್ನು ಎಷ್ಟು ಮಾಡಬೇಕು, ನಮ್ಮ ಹಿಂಗಾರಿ ಬೆಳೆಗೆ ಅದು ಹೊಂದುತ್ತದೆಯೇ ಎಂಬುದನ್ನು ನಮ್ಮ ಹೊಲದಲ್ಲಿಯೇ ನೋಡದೆ ತಿಳಿಯುವಂತಿರಲಿಲ್ಲ. ಹೀಗಾಗಿ 2022ರ ಮುಂಗಾರಿಗೆ ಮೊದಲು ನಾಲ್ಕು ಎಕರೆಯನ್ನು ಇಳಿಜಾರಿನ ಉದ್ದಕ್ಕೂ ಅಕ್ಕಪಕ್ಕ ನಾಲ್ಕು ಪಟ್ಟಿಗಳಾಗಿ ಒಡೆದು, ನಡುನಡುವೆ ಸಣ್ಣ ಬದು ಹಾಕಿದೆ. ಪ್ರತಿ ಪಟ್ಟಿಗೂ ಮೇಲಿನ ಗರಸಿನ ತುದಿಯೂ ಕೆಳಗಿನ ಆಳ ಮಣ್ಣೂ ಸಮನಾಗಿ ಸಿಗಲೆಂಬುದೇ ಅದರ ಉದ್ದೇಶ.

ಮೊದಲ ಪಟ್ಟಿ ಅಪ್ಪನ ಕಾಲದ ಪದ್ಧತಿಯದು. ಬೇಸಿಗೆಯಲ್ಲಿ ಟ್ರ್ಯಾಕ್ಟರಿನಿಂದ ಆಳವಾಗಿ ಉಳುಮೆ ಮಾಡಿಸಿ, ಮುಂಗಾರಿನಲ್ಲಿ ಏನನ್ನೂ ಬಿತ್ತದೆ, ಪ್ರತಿ ಹದ ಮಳೆಯ ನಂತರ ಕುಂಟೆಯಿಂದ ಹರಗಿ, ಸೆಪ್ಟೆಂಬರ್-ಅಕ್ಟೋಬರಿನ ಉತ್ತರಿ ಅಥವಾ ಹಸ್ತ ಮಳೆಗೆ ಹಿಂಗಾರಿ ಬಿತ್ತುವುದು. ಎರಡನೆಯದರಲ್ಲಿ ಜೂನಿನ ಮಿರಗ ಮಳೆಗೆ ಎಕರೆಗೆ ಹನ್ನೆರಡು ಕಿಲೋ ಸೆಣಬು (ಬೇರಿನಲ್ಲಿ ಸಾರಜನಕ ಹಿಡಿಯುವ ಹಸಿರೆಲೆ ಗೊಬ್ಬರದ ಬೆಳೆ) ಚೆಲ್ಲಿ, ಹೂ ಬಿಡುವ ಹೊತ್ತಿಗೆ ರೋಟವೇಟರ್ ಹೊಡೆದು ಮಣ್ಣಿಗೆ ಸೇರಿಸುವುದು. ಮೂರನೆಯದರಲ್ಲಿಯೂ ಅದೇ ಸೆಣಬು, ಆದರೆ ಅದನ್ನು ಕೆಡವಿ ನೆಲದ ಮೇಲೆಯೇ ಹಾಸಿಗೆಯಾಗಿ ಬಿಟ್ಟು, ಉಳದೆ, ಹರಗದೆ ಅದರ ನಡುವೆಯೇ ಬಿತ್ತುವುದು. ನಾಲ್ಕನೆಯದರಲ್ಲಿ ಮುಂಗಾರಿಗೆ ಹೆಸರು ಬಿತ್ತಿ, ಕಾಯಿ ಬಿಡಿಸಿಕೊಂಡು ಬಳ್ಳಿಯನ್ನು ಅಲ್ಲಿಯೇ ಬಿಟ್ಟು, ಒಂದೇ ಒಂದು ಸಲ ಕುಂಟೆ ಆಡಿಸಿ ಹಿಂಗಾರಿ ಬಿತ್ತುವುದು. ಮೊದಲೆರಡು ವರ್ಷ ನಾಲ್ಕೂ ಪಟ್ಟಿಗೆ ಹಿಂಗಾರಿ ಜೋಳ ಹಾಕಿದೆ, ಮೂರನೆಯ ವರ್ಷ ಕಡಲೆ.

2022ರ ಮಳೆ ನಮ್ಮ ಭಾಗದಲ್ಲಿ ವಿಪರೀತವಾಗಿತ್ತು. ಒಂದು ಸಂಜೆ ಎರಡು ತಾಸು ಮಳೆ ಹೊಡೆದ ಮೇಲೆ ಕೆಳಗಿನ ಒಡ್ಡಿಗೆ ಹೋಗಿ ಪ್ರತಿ ಪಟ್ಟಿಯಿಂದ ಹೊರಬರುತ್ತಿದ್ದ ನೀರನ್ನು ಒಂದೊಂದು ಬಾಟಲಿಯಲ್ಲಿ ಹಿಡಿದು ಮನೆಯ ಕಟ್ಟೆಯ ಮೇಲೆ ಇಟ್ಟೆ. ಬೆಳಿಗ್ಗೆ ನೋಡಿದರೆ ಹರಗಿದ ಪಟ್ಟಿಯ ಬಾಟಲಿಯ ತಳದಲ್ಲಿ ಎರಡು ಬೆರಳು ದಪ್ಪದ ರಾಡಿ ಕುಳಿತಿತ್ತು, ಮೇಲಿನ ನೀರು ಆಗಲೂ ಚಹಾದ ಬಣ್ಣದಲ್ಲಿಯೇ ಇತ್ತು. ಹೆಸರಿನ ಪಟ್ಟಿಯದು ಅರ್ಧ ಬೆರಳು. ಸೆಣಬಿನ ಎರಡೂ ಪಟ್ಟಿಗಳದು ತೆಳುವಾದ ಒಂದು ಪದರ ಮಾತ್ರ. ಅದೇ ಮಳೆಗೆ ಮೊದಲ ಪಟ್ಟಿಯ ಒಡ್ಡು ಒಂದು ಕಡೆ ಒಡೆಯಿತು. ಮಳೆಹನಿ ನೇರವಾಗಿ ಮಣ್ಣಿಗೆ ಬಡಿದಾಗ ಹೆಂಟೆ ಒಡೆದು, ಸಣ್ಣ ಕಣಗಳು ರಂಧ್ರಗಳನ್ನು ಮುಚ್ಚಿ, ನೀರು ಇಂಗದೆ ಹರಿಯುತ್ತದೆ ಎಂಬುದನ್ನು ಓದಿ ತಿಳಿದಿದ್ದೆ. ಆ ಬಾಟಲಿಗಳನ್ನು ನೋಡಿದ ಮೇಲೆ ಅದರ ಬಗ್ಗೆ ನನ್ನಲ್ಲಿ ಅನುಮಾನವೇ ಉಳಿಯಲಿಲ್ಲ.

ಆದರೆ ಸೆಣಬಿನ ಕಷ್ಟವೂ ಅದೇ ವರ್ಷ ಗೊತ್ತಾಯಿತು. ನಲವತ್ತೈದರಿಂದ ಐವತ್ತು ದಿನದೊಳಗೆ ಅದನ್ನು ಮಣ್ಣಿಗೆ ಸೇರಿಸಬೇಕು. ಮಳೆ ಬಿಡುವು ಕೊಡದೆ ಹೊಲದಲ್ಲಿ ಕಾಲಿಡಲಾಗದ ಕಾರಣ ನಾವು ಒಳಗೆ ಇಳಿಯುವಾಗ ಅರವತ್ತಮೂರು ದಿನಗಳಾಗಿದ್ದವು. ಸೆಣಬು ಮೂಲತಃ ನಾರಿನ ಬೆಳೆ. ಹಗ್ಗ ಹೊಸೆಯಲು ಬೆಳೆಯುತ್ತಿದ್ದುದೇ ಅದನ್ನು. ಬಲಿತ ಕಡ್ಡಿಯ ನಾರು ರೋಟವೇಟರಿನ ಅಚ್ಚಿಗೆ ಸುತ್ತಿಕೊಂಡು, ಹತ್ತು ಸಾಲಿಗೊಮ್ಮೆ ನಿಲ್ಲಿಸಿ ಕುಡುಗೋಲಿನಿಂದ ಕತ್ತರಿಸಿ ತೆಗೆಯಬೇಕಾಯಿತು. ಒಂದು ಎಕರೆಗೆ ಆಗಬೇಕಿದ್ದ ಬಾಡಿಗೆಯ ಮೂರು ಪಟ್ಟು ಆಯಿತು. ಆದರೂ ಆ ವರ್ಷ ಅತಿ ಹೆಚ್ಚು ಜೋಳ ಬಂದದ್ದು ಅದೇ ಪಟ್ಟಿಯಲ್ಲಿ: ಎಕರೆಗೆ ಆರೂವರೆ ಕ್ವಿಂಟಲ್. ಹರಗಿದ ಪಟ್ಟಿಯಲ್ಲಿ ಐದು, ಹೆಸರಿನ ಪಟ್ಟಿಯಲ್ಲಿ ಐದೂವರೆ. ಕಾಯಿ ಬಿಡಿಸುವ ಹೊತ್ತಿಗೆ ಸರಿಯಾಗಿ ಮಳೆ ಹಿಡಿದು ಹೆಸರು ಬಹುಪಾಲು ಹಾಳಾಯಿತು.

ಮೂರನೆಯ ಪಟ್ಟಿಯ ಮೊದಲ ವರ್ಷವನ್ನು ಸೋಲು ಎಂದೇ ಹೇಳಬೇಕು. ಉಳದೆ ಬಿತ್ತುವ ಕೂರಿಗೆಯೊಂದನ್ನು ಬಾಡಿಗೆಗೆ ತಂದಿದ್ದೆವು. ಹಸಿ ಎರೆ ಮಣ್ಣು ಅದರ ಬೀಜ ಇಳಿಯುವ ತಾಳಿಗೆ ಮೆತ್ತಿಕೊಂಡಿತು, ಒರಗಿಸಿದ್ದ ಸೆಣಬು ತಾಳುಗಳ ನಡುವೆ ಸಿಕ್ಕಿ ರಾಶಿಯಾಗಿ ಎಳೆದುಕೊಂಡು ಬಂತು, ಬಿದ್ದ ಬೀಜದ ಮೇಲೆ ಮಣ್ಣು ಮುಚ್ಚಿಕೊಳ್ಳಲಿಲ್ಲ. ಮೂರು ದಿನ ಹಕ್ಕಿಗಳ ಹಿಂಡು ಅಲ್ಲಿಯೇ ಇತ್ತು. ಪಕ್ಕದ ಹೊಲದ ಹಿರಿಯರು ಬದುವಿನ ಮೇಲೆ ನಿಂತು, "ಹೊಲಾ ಹಿಂಗ ಹೊಲಸ ಇಟ್ಟರ ಬೀಜ ಎಲ್ಲಿ ಊರತೈತೋ ತಮ್ಮಾ?" ಎಂದು ಕೇಳಿದರು. "ಮುಂದಿನ ವರ್ಷ ಬ್ಯಾರೆ ಥರಾ ಮಾಡಿ ನೋಡತೇನಿ, ಕಾಕಾ" ಎಂದೆ. ಅವರ ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು. ಮುಂದೆ ಯಂತ್ರವನ್ನು ಬಿಟ್ಟು, ಹೂ ಬಿಟ್ಟ ಸೆಣಬಿನ ಮೇಲೆ ಎತ್ತುಗಳಿಂದ ಭಾರವಾದ ಕೊರಡು ಎಳೆಸಿ, ಮೂರು ವಾರ ಒಣಗಲು ಬಿಟ್ಟು, ಸಾಲಿನ ಜಾಗದಲ್ಲಿ ಮಾತ್ರ ಕಡ್ಡಿ ಸರಿಸಿ ಎತ್ತಿನ ಕೂರಿಗೆಯಿಂದಲೇ ಬಿತ್ತಿದೆವು. ಅದು ನಡೆಯಿತು, ಆದರೆ ಆಳು ಹೆಚ್ಚು ಬೇಕಾಯಿತು.

ಈ ಹೋಲಿಕೆಯಲ್ಲಿ ನನಗೆ ಹೆಚ್ಚು ಕಲಿಸಿದ್ದು 2023. ಆ ವರ್ಷ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಮಿರಗ ಹುಸಿಯಾಗಿ ಸೆಣಬನ್ನು ಜುಲೈನಲ್ಲಿ ಬಿತ್ತಿದೆ. ತಿಂಗಳ ಕೊನೆಯ ಮಳೆಗೆ ಅದು ಎದೆಮಟ್ಟ ಎದ್ದು ನಿಂತಿತು, ನೋಡಿದವರೆಲ್ಲ ಹೊಗಳಿದರು. ಬಳಿಕ ಆಗಸ್ಟ್ ಪೂರ್ತಿ ಒಣಗಿತು. ಸೆಣಬು ಮಾತ್ರ ಬಾಡಲಿಲ್ಲ, ಏಕೆಂದರೆ ಅದು ಜೋಳಕ್ಕೆಂದು ನೆಲದಲ್ಲಿ ಉಳಿಯಬೇಕಾಗಿದ್ದ ನೀರನ್ನು ಕುಡಿಯುತ್ತಿತ್ತು. ಹಿಂಗಾರಿ ಜೋಳ ಬೆಳೆಯುವುದು ಬೀಳುವ ಮಳೆಯಿಂದಲ್ಲ, ಎರೆ ಮಣ್ಣು ಹಿಡಿದಿಟ್ಟುಕೊಂಡ ಹಸಿಯಿಂದ. ಆ ಹಸಿಯನ್ನು ನಾನೇ ಇನ್ನೊಂದು ಬೆಳೆಗೆ ಕೊಟ್ಟುಬಿಟ್ಟಿದ್ದೆ. ಹರಗಿದ ಪಟ್ಟಿಯಲ್ಲಿ ಎರಡೂವರೆ ಕ್ವಿಂಟಲ್ ಜೋಳ ಬಂದರೆ, ಸೆಣಬು ಮಣ್ಣಿಗೆ ಸೇರಿಸಿದ ಪಟ್ಟಿಯಲ್ಲಿ ಒಂದೂವರೆ ಬಂತು. ಹಾಸಿಗೆ ಬಿಟ್ಟ ಪಟ್ಟಿಯಲ್ಲಿ ಕಣಿಕೆ (ಜೋಳದ ದಂಟು) ಮಾತ್ರ ಸಿಕ್ಕಿತು. ಹೆಸರು ಬೀಜದ ಖರ್ಚನ್ನೂ ಕೊಡಲಿಲ್ಲ, ಆದರೆ ಅದು ಬೇಗ ಒಣಗಿ ನೆಲ ಬಿಟ್ಟುಕೊಟ್ಟಿದ್ದರಿಂದ ಹಿಂದೆ ಬಂದ ಜೋಳ ಎರಡು ಕ್ವಿಂಟಲ್ ಆಯಿತು. ಮುಂಗಾರಿನಲ್ಲಿ ಹೊಲವನ್ನು ಖಾಲಿ ಬಿಡುವ ಹಿರಿಯರ ಪದ್ಧತಿಯನ್ನು ಮೌಢ್ಯವೆಂದು ಹೇಳುವವರನ್ನು ಕಂಡಿದ್ದೇನೆ. ಅದು ಮಣ್ಣನ್ನು ಕಳೆಯುತ್ತದೆ, ನಿಜ. ಆದರೆ ಬರದ ವರ್ಷಕ್ಕೆ ನೀರನ್ನು ಉಳಿಸುವ ಲೆಕ್ಕ ಅದರೊಳಗೆ ಇದೆ. 1933ರ ನಂತರ ಒಣಬೇಸಾಯದ ಸಂಶೋಧನೆಗೆಂದು ಸೊಲ್ಲಾಪುರ, ವಿಜಯಪುರ, ರಾಯಚೂರು, ಹಗರಿಗಳಲ್ಲಿ ಕೇಂದ್ರಗಳು ತೆರೆದಾಗಲೂ ಅಲ್ಲಿನ ಮುಖ್ಯ ಪ್ರಶ್ನೆ ಇದೇ ಹಸಿಯದು.

ಉಳುಮೆಯ ವಿಷಯದಲ್ಲಿ ಎರೆ ಮಣ್ಣಿಗೆ ತನ್ನದೇ ಸ್ವಭಾವವಿದೆ. ಅದು ನೀರು ಕುಡಿದಾಗ ಹಿಗ್ಗುತ್ತದೆ, ಒಣಗಿದಾಗ ಬಿರಿಯುತ್ತದೆ, ಮೇಲಿನ ಮಣ್ಣು ಬಿರುಕಿನೊಳಗೆ ಉದುರಿ ಕೆಳಗೆ ಸೇರುತ್ತದೆ. ಒಂದರ್ಥದಲ್ಲಿ ವರ್ಷಕ್ಕೊಮ್ಮೆ ತನ್ನನ್ನು ತಾನೇ ಉತ್ತುಕೊಳ್ಳುತ್ತದೆ. ಆದ್ದರಿಂದ ಪ್ರತಿ ಬೇಸಿಗೆ ಡೀಸೆಲ್ ಸುಟ್ಟು ಆಳ ಉಳುಮೆ ಮಾಡಿಸುವ ಅಗತ್ಯ ಇಲ್ಲವೆಂದೇ ನನ್ನ ಅಭಿಪ್ರಾಯ. ಹಾಗೆಂದು ಏನನ್ನೂ ಮಾಡದೆ ಬಿಟ್ಟರೂ ಆಗದು. ಮೂರನೆಯ ಪಟ್ಟಿಯಲ್ಲಿ ಮೊದಲ ಎರಡು ವರ್ಷ ಎಡೆ (ಬೆಳೆಯ ಸಾಲುಗಳ ನಡುವಿನ ಕುಂಟೆ) ಸಹ ಹೊಡೆಯಲಿಲ್ಲ. ಗೆದ್ದಲು ತಿಂದು ಡಿಸೆಂಬರ್ ಹೊತ್ತಿಗೆ ಹಾಸಿಗೆ ತೆಳುವಾಗಿತ್ತು, ಜೋಳದ ಸಾಲುಗಳ ನಡುವೆ ಬಿರುಕು ಬಾಯಿ ಬಿಟ್ಟು, ಬೇರು ಹರಿದು, ಒಳಗಿನ ಹಸಿ ಆ ದಾರಿಯಿಂದಲೇ ಹಾರಿಹೋಯಿತು. ಎಡೆಕುಂಟೆ ಆಡಿಸುವುದು ಕಳೆ ತೆಗೆಯಲು ಮಾತ್ರವಲ್ಲ, ಬಿರುಕಿನ ಬಾಯಿಗೆ ಪುಡಿಮಣ್ಣು ತುಂಬಲು. ಮೂರನೆಯ ವರ್ಷ ಅಲ್ಲಿಯೂ ಒಂದು ಸಲ ಎಡೆ ಹೊಡೆದೆ, ವ್ಯತ್ಯಾಸ ಕಣ್ಣಿಗೆ ಕಂಡಿತು.

2024ರಲ್ಲಿ ಮಳೆ ಚೆನ್ನಾಯಿತು. ಹೆಸರು ಎಕರೆಗೆ ಮೂರು ಕ್ವಿಂಟಲ್ ಬಂತು, ಹಿಂದೆ ಬಿತ್ತಿದ ಕಡಲೆ ಐದು. ಉಳಿದ ಪಟ್ಟಿಗಳಲ್ಲಿ ಕಡಲೆ ನಾಲ್ಕರಿಂದ ನಾಲ್ಕೂವರೆ. ಸೆಣಬಿನ ಹಿಂದೆ ಕಡಲೆ ಹಾಕಿದ್ದರಿಂದ ಹೆಚ್ಚಿನ ಲಾಭವಾಗಲಿಲ್ಲ, ಗಿಡ ಸೊಪ್ಪಿಗೆ ಬೆಳೆಯಿತು. ಕಡಲೆ ತನಗೆ ಬೇಕಾದ ಸಾರಜನಕವನ್ನು ಬೇರಿನ ಗಂಟುಗಳಲ್ಲಿ ತಾನೇ ಹಿಡಿಯುತ್ತದೆ. ಸೆಣಬಿನ ಉಪಕಾರ ಬೇಕಾಗಿರುವುದು ಜೋಳಕ್ಕೆ. ಆ ನವೆಂಬರಿನಲ್ಲಿ ಪ್ರತಿ ಪಟ್ಟಿಯಲ್ಲಿ ಎರಡಡಿ ಆಳದ ಗುಂಡಿ ತೋಡಿಸಿದೆ. ಎರಡನೆಯ ಪಟ್ಟಿಯಲ್ಲಿ ಐದು ಅಂಗುಲದ ಕೆಳಗೆ ಗಟ್ಟಿ ಪದರವೊಂದು ಕಾಣಿಸಿತು, ಸಲಿಕೆ ಅಲ್ಲಿ ಟಣ್ ಎಂದಿತು: ಅದು ರೋಟವೇಟರ್ ವರ್ಷವರ್ಷವೂ ಒಂದೇ ಆಳದಲ್ಲಿ ಬಡಿದು ಮಾಡಿದ್ದು. ಮೂರನೆಯ ಪಟ್ಟಿಯಲ್ಲಿ ಅಂಥ ಪದರವಿರಲಿಲ್ಲ; ಕೊಳೆತ ಸೆಣಬಿನ ಬೇರು ಬಿಟ್ಟುಹೋದ ಕಂದು ಬಣ್ಣದ ಕೊಳವೆಯೊಳಗೆ ಕಡಲೆಯ ಬಿಳಿ ಬೇರು ನೇರವಾಗಿ ಇಳಿದಿದ್ದನ್ನು ಮಕ್ಕಳನ್ನೂ ಕರೆದು ತೋರಿಸಿದೆ. ನಾಲ್ಕೂ ಗುಂಡಿಗಳಿಂದ ನಿಂಬೆಗಾತ್ರದ ಒಣ ಹೆಂಟೆ ತಂದು ನೀರಿನ ಲೋಟಗಳಲ್ಲಿ ಬಿಟ್ಟಾಗ, ಮೊದಲ ಪಟ್ಟಿಯದು ನಾನು ನಾಲ್ಕನೆಯದನ್ನು ಬಿಡುವಷ್ಟರಲ್ಲಿಯೇ ಕುಸಿದು ಕೆಸರಾಯಿತು. ಮೂರನೆಯದು ಅಂಚಿನಲ್ಲಿ ಸ್ವಲ್ಪ ಉದುರಿ, ಸಂಜೆಯವರೆಗೂ ಗುಂಡಗೆ ಕುಳಿತಿತ್ತು.

ಮಣ್ಣು ಪರೀಕ್ಷೆಯಲ್ಲಿ ಮಾತ್ರ ಅಷ್ಟು ಸ್ಪಷ್ಟ ಉತ್ತರ ಸಿಗಲಿಲ್ಲ. ಸಾವಯವ ಇಂಗಾಲ ಶೇ 0.5ಕ್ಕಿಂತ ಕಡಿಮೆ ಇದ್ದರೆ ಅದನ್ನು ಕಡಿಮೆ ಎಂದೇ ಎಣಿಸುತ್ತಾರೆ. ನಮ್ಮ ನಾಲ್ಕೂ ಪಟ್ಟಿಗಳು ಇನ್ನೂ ಆ ಗೆರೆಯ ಕೆಳಗೇ ಇವೆ. ನಮ್ಮ ಬಿಸಿಲಿಗೆ ಮಣ್ಣಿಗೆ ಬಿದ್ದದ್ದು ಬೇಗ ಕರಗಿಹೋಗುವುದರಿಂದ ಮೂರು ವರ್ಷಕ್ಕೆ ಅಂಕಿ ಏರುತ್ತದೆಂದು ಆಸೆ ಪಡಬಾರದು.

ಕಡಿಮೆ ಉಳುಮೆಯ ಪಟ್ಟಿಗಳಲ್ಲಿ ಜೇಕು, ಕರಿಕೆಯಂಥ ಕಳೆಗಳು ಹೆಚ್ಚಿದವು ಎಂಬುದನ್ನೂ ಹೇಳಬೇಕು. ಜೇಕು ಹಬ್ಬಿದ ಜಾಗವನ್ನು ಗುದ್ದಲಿಯಿಂದ ಅಗೆಸಿ ಗಡ್ಡೆ ಆರಿಸದೆ ಬೇರೆ ದಾರಿಯಿಲ್ಲ. ಕಳೆನಾಶಕ ಬಳಸಲು ನನಗೆ ಮನಸ್ಸಿಲ್ಲ. ಇನ್ನು ಜೋಳದ ಕಣಿಕೆಯನ್ನೇ ನೆಲಕ್ಕೆ ಹಾಸಿ ಎಂದು ಸಲಹೆ ಕೊಡುವವರು ಎತ್ತು ಕಟ್ಟಿದ ಮನೆಯ ಲೆಕ್ಕವನ್ನು ಮರೆಯುತ್ತಾರೆ. ನಮ್ಮಲ್ಲಿ ಕೆಲವು ವರ್ಷ ಕಾಳಿಗಿಂತ ಕಣಿಕೆಯೇ ಹೆಚ್ಚು ಬೆಲೆ ಬಾಳುತ್ತದೆ. ಬೆಳೆ ತೆಗೆದ ಮೇಲೆ ಕುರಿ ಹಿಂಡು ಬರುವುದನ್ನೂ ನಾನು ತಡೆದಿಲ್ಲ. ಅವು ಉಳಿದ ಕಡ್ಡಿ ತಿನ್ನುತ್ತವೆ, ಹಿಕ್ಕೆ ಕೊಟ್ಟು ಹೋಗುತ್ತವೆ.

ಮೂರು ವರ್ಷದ ಮೇಲೆ ನಾನು ಆರಿಸಿಕೊಂಡಿರುವುದು ನಾಲ್ಕನೆಯ ಪಟ್ಟಿಯ ಕ್ರಮವನ್ನು: ಮುಂಗಾರಿಗೆ ಹೆಸರು, ಒಂದೇ ಕುಂಟೆ, ಹಿಂಗಾರಿಯಲ್ಲಿ ಎರಡು ಎಡೆ. ಅದು ಎಲ್ಲ ವರ್ಷವೂ ಮೊದಲು ಬರಲಿಲ್ಲ, ಆದರೆ ಯಾವ ವರ್ಷವೂ ನಮ್ಮನ್ನು ಪೂರ್ತಿ ಕೈಬಿಡಲಿಲ್ಲ. ಗರಸು ಕಾಣುವ ಮೇಲಿನ ತುದಿಗೆ ಮಾತ್ರ ಸೆಣಬು ಬಿತ್ತಿ, ಕೊರಡಿನಿಂದ ಕೆಡವಿ, ಮೇಲೆಯೇ ಬಿಡುತ್ತೇನೆ. ಅಲ್ಲಿ ಈಗ ಉಳಿಸಬೇಕಾಗಿರುವುದು ಬೆಳೆಗಿಂತ ಮೊದಲು ಮಣ್ಣನ್ನು. ಸೆಣಬು ಕೆಡವುವ ದಿನವನ್ನು ಇನ್ನು ಹೂವು ನೋಡಿ ನಿರ್ಧರಿಸುವುದಿಲ್ಲ. ಆಗಸ್ಟಿನ ಆಶ್ಲೇಷ ಮಳೆ ಕಾಲಿಟ್ಟ ದಿನದಿಂದ ವಾರಕ್ಕೊಮ್ಮೆ ಕಬ್ಬಿಣದ ಸರಳನ್ನು ನೆಲಕ್ಕೆ ಒತ್ತಿ ನೋಡುತ್ತೇನೆ. ಹಸಿ ಇದ್ದಷ್ಟು ಆಳ ಅದು ಸಲೀಸಾಗಿ ಇಳಿಯುತ್ತದೆ. ಎರಡಡಿಗಿಂತ ಮೊದಲೇ ನಿಂತರೆ, ಸೆಣಬು ಮೂವತ್ತು ದಿನದ್ದಾಗಿದ್ದರೂ ಮರುದಿನವೇ ಕೊರಡು ಹೂಡುತ್ತೇನೆ.